ರಜೆಗೆ ಟೈಂಟೇಬಲ್ ಬೇಡ ಪುಟ್ಟಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಮೆಸೇಜ್ ನೋಡಿದೆ. ಬೆಳಿಗ್ಗೆ ಅಬ್ಯಾಕಸ್, ಹತ್ತಕ್ಕೆ ಕೋಡಿಂಗ್, ಮಧ್ಯಾಹ್ನ ಕೈಬರಹ, ಸಂಜೆ ಕರಾಟೆ ಅಂತ ಮಗನ ರಜೆಯ ಪಟ್ಟಿ ಕಳಿಸಿದ್ದೀಯ, ಕೆಳಗೆ ಒಟ್ಟು ಫೀಸು ಬೇರೆ. ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದ ನಾನೇ ಓದಿ ಸುಸ್ತಾದೆ. ಮೂರನೇ ಕ್ಲಾಸ್ ಮುಗಿಸಿದ ಹುಡುಗ ಕಣೇ ಅವನು.

ಹಾಗಂತ ನಿನ್ನ ಭಯ ಸುಳ್ಳಲ್ಲ. ಶಾಲೆ ಮುಚ್ಚಿದರೆ ಮಕ್ಕಳು ಮರೆಯುತ್ತಾರೆ, ನಾನೇ ಕಣ್ಣಾರೆ ಕಂಡಿದ್ದೇನೆ. ಕೊರೊನಾ ಅಂತ 2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದ್ದು, ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಸರ್ಕಾರದ ಕಾರ್ಯಕ್ರಮ ಶುರುವಾಗಿ ಮಕ್ಕಳಿದ್ದ ಕಡೆಗೆ ನಾವೇ ಹೋದೆವು. ನಮ್ಮೂರಲ್ಲಿ ದೇವಸ್ಥಾನದ ಜಗುಲಿಯೇ ಶಾಲೆ. ಮೊದಲ ದಿನ ಒಬ್ಬ ಹುಡುಗಿಗೆ ಓದು ಅಂದೆ. ಫೆಬ್ರವರಿಯಲ್ಲಿ ಪಟಪಟ ಓದುತ್ತಿದ್ದವಳು 'ಅಕ್ಕಪಕ್ಕ' ಅನ್ನುವ ಪದದ ಮೇಲೆ ಬೆರಳಿಟ್ಟು 'ಅಕ... ಅಕ...' ಅಂತ ನಿಂತುಬಿಟ್ಟಳು. ಒತ್ತಕ್ಷರ ಮರೆತೇ ಹೋಗಿತ್ತು. ಬೆರಳು ತೆಗೆಯದೆ ನನ್ನ ಮುಖ ನೋಡಿ, "ಮಿಸ್, ಇದು ಗೊತ್ತಿತ್ತು" ಅಂದಳು. ಅವತ್ತು ಮನೆಗೆ ಬಂದು ನನಗೆ ಊಟ ಸೇರಲಿಲ್ಲ. ಅವಳೊಬ್ಬಳ ಕಥೆ ಅಲ್ಲ ಅದು. 2021ರ ಶುರುವಿನಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ 16,067 ಮಕ್ಕಳನ್ನು ನೋಡಿದರು. ಹಿಂದಿನ ವರ್ಷ ಬರುತ್ತಿದ್ದುದರಲ್ಲಿ ಭಾಷೆಯಲ್ಲಿ ಒಂದಾದರೂ ಕೌಶಲ ಕಳೆದುಕೊಂಡವರು ನೂರಕ್ಕೆ 92, ಗಣಿತದಲ್ಲಿ 82.

ಆದರೆ ಅದು ತಿಂಗಳುಗಟ್ಟಲೆ ಮುಚ್ಚಿದ ಶಾಲೆಯ ಲೆಕ್ಕ. ಆ ಹುಡುಗಿಯ ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಓದುವುದಕ್ಕೆ ಇನ್ನೇನೂ ಇರಲಿಲ್ಲ. ನಿನ್ನ ಮಗನದು ಏಳು ವಾರದ ಬೇಸಿಗೆ ರಜೆ, ಅದಕ್ಕೆ ಕೋಚಿಂಗ್ ಸೆಂಟರ್ ಏನೂ ಬೇಡ. ದಿನಾ ಒಂದಿಷ್ಟು ಓದಲಿ, ಒಂದಿಷ್ಟು ಲೆಕ್ಕ ಕೈಯಲ್ಲಿ ಓಡಾಡಲಿ. ಅಷ್ಟೇ ನಾನು ಹೇಳುವುದು.

ನಾನೂ ತಪ್ಪು ಮಾಡಿದವಳೇ. ಪ್ರತಿ ಬೇಸಿಗೆಗೂ 'ದಿನಕ್ಕೊಂದು ಪುಟ ಕಾಪಿ ಬರೆಯಿರಿ, ತಾರೀಖು ಹಾಕಿ' ಅಂತ ಹೇಳಿ ಕಳಿಸುತ್ತಿದ್ದೆ. ಜೂನ್‌ನಲ್ಲಿ ಪುಸ್ತಕಗಳು ಬರುತ್ತಿದ್ದವು, ಏಪ್ರಿಲ್‌ನಿಂದ ಮೇವರೆಗೆ ಒಂದೇ ಇಂಕು, ಒಂದೇ ಅವಸರ, ಒಬ್ಬನಂತೂ ಏಪ್ರಿಲ್ 31 ಅಂತಲೂ ಹಾಕಿದ್ದ. ಎಲ್ಲಾ ಕೊನೆಯ ಎರಡು ದಿನ ಕೂತು ಗೀಚಿದ್ದು. ನಾನು ಕೆಂಪು ಪೆನ್ನಲ್ಲಿ ರೈಟ್ ಹಾಕಿ ಕಳಿಸುತ್ತಿದ್ದೆ, ಅದೂ ವರ್ಷಾನುಗಟ್ಟಲೆ! ಅದಕ್ಕೇ ಹೇಳುತ್ತೇನೆ, ಕಾಪಿ ಗೀಪಿ ಬರೆಸಬೇಡ.

ಓದುವುದು ಇಪ್ಪತ್ತು ನಿಮಿಷ ಸಾಕು, ಬಿಸಿಲು ಏರುವ ಮುಂಚೆ. ಜೋರಾಗಿ ಓದಲಿ, ನೀನು ಪಕ್ಕದಲ್ಲಿ ಕೂತು ಕೇಳು, ಮೊಬೈಲ್ ದೂರ ಇಟ್ಟು. ತಡವರಿಸಿದ ತಕ್ಷಣ ತಿದ್ದಬೇಡ, ಮೂರು ಎಣಿಸು, ಮುಕ್ಕಾಲು ಪಾಲು ತಾನೇ ಸರಿಮಾಡಿಕೊಳ್ಳುತ್ತಾನೆ. ಪುಸ್ತಕ ಮುಗಿದರೆ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್‌ನಲ್ಲಿ ಕನ್ನಡದ ಕಥೆಗಳು ಪುಕ್ಕಟೆ ಸಿಗುತ್ತವೆ. ಇಂಗ್ಲಿಷ್ ಓದಿಸಬೇಡ ಅಂತಲ್ಲ, ಆದರೆ ಕನ್ನಡ ಬಿಡಬೇಡ. ಹೋದ ಸಲ ಬಂದಾಗ ಬಸ್ಸಿನ ಬೋರ್ಡು ಓದುವುದಕ್ಕೂ ಒದ್ದಾಡುತ್ತಿದ್ದ, ನೀನು ಗಮನಿಸಿದೆಯೋ ಇಲ್ಲವೋ.

ಇನ್ನೊಂದು ಮಜಾ ಹೇಳುತ್ತೇನೆ. ನಿಮ್ಮ ಟೆರೇಸ್ ಮೇಲೆ ಒಂದು ನೀರಿನ ಬಾಟಲಿ ನೆಟ್ಟಗೆ ನಿಲ್ಲಿಸಿ, ದಿನಾ ಮಧ್ಯಾಹ್ನ ಹನ್ನೆರಡೂಕಾಲಿಗೆ ಅದರ ನೆರಳಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಲಿ, ಸ್ಕೇಲ್ ಇಟ್ಟು ಅಳೆದು ಒಂದು ನೋಟ್‌ಬುಕ್ಕಲ್ಲಿ ಬರೆಯಲಿ. ನೆರಳು ದಿನದಿನಕ್ಕೂ ಗಿಡ್ಡ ಆಗುತ್ತದೆ. ಬೆಂಗಳೂರಲ್ಲಿ ಏಪ್ರಿಲ್ 24ರ ಸುಮಾರಿಗೆ, 12 ಗಂಟೆ 17 ನಿಮಿಷದ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಬಾಟಲಿಯ ನೆರಳು ಅದರ ಬುಡ ಬಿಟ್ಟು ಆಚೆ ಬರುವುದಿಲ್ಲ. ಅಲ್ಲಿವರೆಗೆ ಉತ್ತರಕ್ಕೆ ಬೀಳುತ್ತಿದ್ದ ನೆರಳು ಆಮೇಲೆ ದಕ್ಷಿಣಕ್ಕೆ ಬೀಳುತ್ತದೆ. ಯಾಕೆ ಅಂತ ನೀನು ಹೇಳಬೇಡ. ಅವನೇ ಕೇಳುತ್ತಾನೆ, ಕೇಳುವವರೆಗೂ ಸುಮ್ನೆ ಇರು. ಟೋಪಿ ಹಾಕಿ ಕಳಿಸು, ಐದು ನಿಮಿಷಕ್ಕಿಂತ ಜಾಸ್ತಿ ಬಿಸಿಲಲ್ಲಿ ಬಿಡಬೇಡ.

ಲೆಕ್ಕಕ್ಕೆ ಅಂಗಡಿಗೆ ಕಳಿಸು. ಕೆಜಿಗೆ 60 ಅಂದರೆ ಮುಕ್ಕಾಲು ಕೆಜಿ ಮಾವಿನಕಾಯಿಗೆ ಎಷ್ಟು, ನೂರು ಕೊಟ್ಟರೆ ಎಷ್ಟು ವಾಪಸ್. ಚಿಲ್ಲರೆ ಎಣಿಸದೆ ಬಂದರೆ ಬೈಯಬೇಡ, ಇನ್ನೊಂದು ಸಲ ಕಳಿಸು. ಯುಪಿಐ ಬಂದ ಮೇಲೆ ನೀವ್ಯಾರೂ ಚಿಲ್ಲರೆ ಎಣಿಸುವುದೇ ಇಲ್ಲ, ಮಗು ಎಲ್ಲಿ ಕಲಿಯಬೇಕು ಹೇಳು.

ಮೊಬೈಲ್ ಪೂರ್ತಿ ಕಿತ್ತುಕೊಳ್ಳಬೇಡ, ಅದು ಆಗದ ಮಾತು. ಒಂದು ಹೊತ್ತು ಅಂತ ಮಾಡು, ಆ ಹೊತ್ತು ನಿನಗೂ ನಿನ್ನ ಗಂಡನಿಗೂ ಅನ್ವಯ ಆಗಲಿ. 'ಅಮ್ಮಾ ಬೋರು' ಅಂತ ಬಂದರೆ ತಕ್ಷಣ ಏನೋ ಒಂದು ಕೈಗೆ ಕೊಡಬೇಡ. ಅರ್ಧ ಗಂಟೆ ಬೋರಾದರೆ ತಾನೇ ಏನೋ ಕಿತಾಪತಿ ಹುಡುಕಿಕೊಳ್ಳುತ್ತಾನೆ. ನೀವು ಅಕ್ಕತಂಗಿ ಸೇರಿ ಕೊಟ್ಟಿಗೆಯಲ್ಲಿ ಅಂಗಡಿ ಇಟ್ಟು ನನ್ನ ಕಡ್ಲೆಬೇಳೆ ಡಬ್ಬಿ ಖಾಲಿ ಮಾಡಿದ್ದು ನೆನಪಿದೆಯಲ್ವಾ?

ಮೇ ಮೊದಲ ವಾರ ಇಲ್ಲಿಗೆ ಕಳಿಸು. ಪಂಚಾಯಿತಿ ಲೈಬ್ರರಿಯಲ್ಲಿ ಮಕ್ಕಳಿಗೆ ದುಡ್ಡಿಲ್ಲದೆ ಪುಸ್ತಕ ಕೊಡುತ್ತಾರೆ, ನಾನೇ ಕರೆದುಕೊಂಡು ಹೋಗುತ್ತೇನೆ. ಸಂಜೆ ಚೌಕಾಬಾರ. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು ಮನೆ. ಯಾವ ಕಾಯಿ ನಡೆಸಲಿ, ಯಾವುದು ಹೊಡೆಯಲಿ ಅಂತ ಅವನು ಲೆಕ್ಕ ಹಾಕುವುದನ್ನು ಸುಮ್ಮನೆ ಕೂತು ನೋಡಬೇಕು ನನಗೆ. ಮಣೆ ಒರೆಸಿ ಇಟ್ಟಿದ್ದೇನೆ. ಕವಡೆ ಮೂರೇ ಸಿಕ್ಕಿವೆ, ಸಿಗದಿದ್ದರೆ ನಾಲ್ಕು ಹುಣಸೆಬೀಜ ಒಂದು ಕಡೆ ತೇಯ್ದು ಇಡುತ್ತೇನೆ. ಆ ನೆರಳಿನ ನೋಟ್‌ಬುಕ್ ಬ್ಯಾಗಲ್ಲಿ ಹಾಕಿ ಕಳಿಸುವುದು ಮರೆಯಬೇಡ, ನಮ್ಮಂಗಳದಲ್ಲಿ ಮುಂದುವರಿಸುತ್ತೇವೆ.

ನಿನ್ನ
ದೊಡ್ಡಮ್ಮ