ಎರಡನೇ ವಾದ್ಯ ಹಿಡಿಯಬೇಕೆಂದಿರುವ ಗೆಳೆಯನಿಗೆ

ಗೆಳೆಯಾ,

ನಿನ್ನ ಮೆಸೇಜು ನೋಡಿದೆ. ಹಾರ್ಮೋನಿಯಂ ಶುರು ಮಾಡಿ ಒಂದೂವರೆ ವರ್ಷ ಆಯ್ತು, ಈಗ ಕೊಳಲಿನ ಮೇಲೆ ಮನಸ್ಸು ಹೋಗಿದೆ, ಮನೆಯಲ್ಲಿ ‘ಮೊದಲು ಒಂದನ್ನು ನೆಟ್ಟಗೆ ಕಲಿ’ ಅಂತಾರೆ, ಏನು ಮಾಡಲಿ ಅಂತ ಕೇಳಿದ್ದೀಯ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಇದಲ್ಲ. ಇದೇ ಪ್ರಶ್ನೆ ಇಟ್ಟುಕೊಂಡವರು ಬೇರೆಯವರೂ ಇದ್ದಾರೆ, ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಬೇಜಾರಿಲ್ಲ ಅಲ್ವಾ?

ಮೊದಲೇ ಹೇಳಿಬಿಡ್ತೀನಿ. ಕೊಳಲು ತಗೋ. ಕೊಳಲಿಗಾಗಿ ಅಲ್ಲ, ನಿನ್ನ ಹಾರ್ಮೋನಿಯಂಗಾಗಿ.

ನನ್ನ ಕತೆ ನಿನಗೆ ಅರ್ಧ ಗೊತ್ತು. ಹಳೇ ದಾವಣಗೆರೆಯ ನಮ್ಮ ಓಣಿಯಲ್ಲಿ ಸೋಮವಾರದ ಭಜನೆಗೆ ಹಾರ್ಮೋನಿಯಂ ನುಡಿಸುತ್ತಾ ಎರಡು ವರ್ಷ ಕಳೆದೆ. ವಚನ, ತತ್ವಪದ, ಯಾವುದು ಕೇಳಿದರೂ ಕೈ ಓಡುತ್ತಿತ್ತು. ನನಗೆ ಸ್ವರ ಬಂತು ಅಂತಲೇ ನಂಬಿದ್ದೆ. ಆದರೆ ಹಾರ್ಮೋನಿಯಂ ಸ್ವರವನ್ನು ಸಿದ್ಧ ಮಾಡಿ ಕೈಗೆ ಕೊಡುತ್ತದೆ. ಪಂಚಮದ, ಅಂದರೆ ಪ ಸ್ವರದ, ಮನೆ (ಕೀ) ಒತ್ತಿದರೆ ಪಂಚಮವೇ ಬರಬೇಕು, ಮೂರು ವರ್ಷದ ಮಗು ಒತ್ತಿದರೂ ಅದೇ ಬರುತ್ತದೆ. ಕಲಿಯುವವನಿಗೆ ಅದು ದೊಡ್ಡ ಉಪಕಾರ. ಆದರೆ ಕಿವಿಗೆ ಅಲ್ಲಿ ಕೆಲಸವೇ ಇಲ್ಲ. ಒಂದು ದಿನ ಕರೆಂಟು ಹೋಗಿ ಕತ್ತಲಲ್ಲಿ ಪೆಟ್ಟಿಗೆ ಮುಚ್ಚಿ ಕೂತಿದ್ದಾಗ, ಸುಮ್ನೆ ಬಾಯಲ್ಲಿ ಸ ಹಿಡಿದು ಅಲ್ಲಿಂದ ನೇರ ಗ ಹಾಡೋಣ ಅಂತ ಹೋದೆ. ಸಿಗಲಿಲ್ಲ. ಅವತ್ತು ನಿಜಕ್ಕೂ ಬೇಸರವಾಯಿತು.

ಆಮೇಲೆ ಕೊಳಲು ತಂದೆ. ಮೊದಲ ವಾರ ಬರೀ ಗಾಳಿ. ಜಾಸ್ತಿ ಊದಿ ತಲೆ ಸುತ್ತು ಬಂದಿದ್ದೂ ಉಂಟು. ನಿನಗೂ ಬರುತ್ತದೆ, ಹೆದರಬೇಡ, ನಿಲ್ಲಿಸಿ ಐದು ನಿಮಿಷ ಕೂರು. ಸ ಬಂದ ಮೇಲೆ ದಾರಿ ಸಲೀಸು ಅಂದುಕೊಂಡೆ. ಹಿಂದೂಸ್ತಾನಿ ಕೊಳಲಿನಲ್ಲಿ ಮೇಲಿನ ಮೂರು ತೂತು ಮುಚ್ಚಿದರೆ ಸ, ಎರಡು ಮುಚ್ಚಿದರೆ ರಿ, ಒಂದು ಮುಚ್ಚಿದರೆ ಗ. ಎಲ್ಲಾ ಬಿಟ್ಟರೆ ತೀವ್ರ ಮಧ್ಯಮ, ಅಂದರೆ ಮೇಲಿನ ಮ. ಹಾಗಾದರೆ ಶುದ್ಧ ಮಧ್ಯಮ, ಅಂದರೆ ಅದರ ಕೆಳಗಿನ ಮ, ಎಲ್ಲಿದೆ? ಮೊದಲನೇ ತೂತನ್ನು ಅರ್ಧ ಮುಚ್ಚಬೇಕು. ಅರ್ಧ ಅಂದರೆ ಎಷ್ಟು? ಅದನ್ನು ಯಾರೂ ಅಳೆದು ಹೇಳಲಾರರು. ಮಧ್ಯಮ ನಿನ್ನ ಕಿವಿಯಲ್ಲಿ ಮೊದಲೇ ಇದ್ದರೆ ಬೆರಳು ಅಲ್ಲಿಗೆ ಹೋಗಿ ನಿಲ್ಲುತ್ತದೆ, ಇಲ್ಲದಿದ್ದರೆ ಅಲೆದಾಡುತ್ತದೆ. ಆ ಒಂದು ಸ್ವರಕ್ಕೆ ನನಗೆ ಎರಡು ತಿಂಗಳು ಹಿಡಿಯಿತು. ಎರಡು ತಿಂಗಳ ಮೇಲೆ ಹಾರ್ಮೋನಿಯಂ ಮುಂದೆ ಕೂತು ಅದೇ ಮ ಒತ್ತಿದೆ ನೋಡು, ಮೊದಲ ಸಲ ಅದನ್ನು ಕೇಳಿಸಿಕೊಂಡ ಹಾಗಾಯಿತು.

ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹತ್ತಿರ ಸೇರಿಸಿರಲಿಲ್ಲ ಅನ್ನೋದು ನಿನಗೆ ಗೊತ್ತಿರಬಹುದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುವ ಮೀಂಡ್ ಅದರಲ್ಲಿ ಬರುವುದಿಲ್ಲ ಅನ್ನೋದು ಅದರ ಮೇಲಿದ್ದ ಮುಖ್ಯ ದೂರುಗಳಲ್ಲಿ ಒಂದು. ಮೊದಲು ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು. ಕೊಳಲಿನಲ್ಲಿ ಗ ಬಿಟ್ಟು ಮ ಕಡೆಗೆ ಬೆರಳನ್ನು ಮೆಲ್ಲಗೆ ಸರಿಸಿದ ದಿನ, ಅವರು ಯಾವುದರ ಬಗ್ಗೆ ಮಾತಾಡುತ್ತಿದ್ದರು ಅಂತ ತಿಳಿಯಿತು. ಆದರೂ ಆ ನಿಷೇಧ ತಪ್ಪು ಅಂತಲೇ ನಾನು ಈಗಲೂ ಹೇಳ್ತೀನಿ. ನಮ್ಮ ಕಡೆ ಊರೂರಿನ ಭಜನೆ, ನಾಟಕ ಎಲ್ಲ ನಿಂತಿದ್ದೇ ಆ ಪೆಟ್ಟಿಗೆಯ ಮೇಲೆ.

ಇನ್ನೊಂದು ವಿಷಯ ಹೇಳಲೇಬೇಕು. ಅದು ಏಪ್ರಿಲ್ ತಿಂಗಳು, ನಮ್ಮೂರ ಬಿಸಿಲು ಗೊತ್ತಲ್ಲ. ಮಧ್ಯಾಹ್ನ ಮೂರಕ್ಕೆ ಶೀಟಿನ ಚಪ್ಪರದ ಕೆಳಗೆ ಭಜನೆ. ಬೆಳಿಗ್ಗೆ ಮನೆಯಲ್ಲಿ ಹಾರ್ಮೋನಿಯಂಗೆ ಸರಿಯಾಗಿ ಕೂತಿದ್ದ ಕೊಳಲು ಅಲ್ಲಿ ಕೂರಲೇ ಇಲ್ಲ, ಎಲ್ಲ ಸ್ವರವೂ ಒಂದು ಎಳೆ ಮೇಲೆ. ಕೊಳಲು ಮಾರಿದವನನ್ನು ಬೈದುಕೊಂಡೇ ಮನೆಗೆ ಬಂದೆ. ತಪ್ಪು ಅವನದಲ್ಲ. ಕೊಳಲಿನಲ್ಲಿ ನುಡಿಯುವುದು ಒಳಗಿನ ಗಾಳಿ, ಗಾಳಿ ಬಿಸಿಯಾದಷ್ಟೂ ಅದರಲ್ಲಿ ಶಬ್ದ ಬೇಗ ಓಡುತ್ತದೆ. 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಇದ್ದದ್ದು 40 ಡಿಗ್ರಿಗೆ ಸುಮಾರು 355 ಆಗುತ್ತದೆ. ಶ್ರುತಿ ಏರುತ್ತದೆ. ಹಾರ್ಮೋನಿಯಂನ ಹಿತ್ತಾಳೆ ರೀಡು ಮಾತ್ರ ಬಿಸಿಲಿಗೆ ಅಷ್ಟಾಗಿ ಕದಲುವುದಿಲ್ಲ. ಹಾಗಾಗಿ ಕೊಳಲನ್ನು ತುಟಿಯ ಕಡೆ ಒಂದಿಷ್ಟು ಒಳಕ್ಕೆ ಹೊರಳಿಸಿ, ಊದುವುದನ್ನು ಮೆತ್ತಗೆ ಮಾಡಿ, ಶ್ರುತಿ ಇಳಿಸಿಕೊಳ್ಳಬೇಕು. ಅದಕ್ಕೂ ಮತ್ತೆ ಕಿವಿಯೇ ಬೇಕು.

ಅದೇ ಚಪ್ಪರದಲ್ಲಿ ತಬಲಾದವರೂ ಸುತ್ತಿಗೆ ಹಿಡಿದು, ಚರ್ಮ ಬಿಗಿಸುವ ಮರದ ತುಂಡುಗಳಾದ ಗಟ್ಟಾಗಳನ್ನು ಬಡಿಯುತ್ತಾ ಕೂತಿದ್ದರು. ಒಣ ಬಿಸಿಗೆ ಚರ್ಮ ಬಿಗಿಯುತ್ತದೆ, ಮಳೆಗಾಲದ ತೇವಕ್ಕೆ ಸಡಿಲವಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯಲ್ಲಿ ತಮಟೆಯವರು ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅವರು ಅಲ್ಲಿ ಶ್ರುತಿ ಮಾಡುತ್ತಿದ್ದಾರೆ ಅಂತ ನನಗೆ ಹೊಳೆದದ್ದು ಮೂರು ವಾದ್ಯ ಮುಟ್ಟಿದ ಮೇಲೆ.

ತಬಲಾಕ್ಕೆ ನಾನು ಹೋಗಿದ್ದು ಬೇರೆ ಕಾರಣಕ್ಕೆ. ಹಾರ್ಮೋನಿಯಂನ ತಿದಿಯನ್ನು ನಾನು ತಾಳಕ್ಕೆ ಸರಿಯಾಗಿ ಒತ್ತುತ್ತಿದ್ದೆ, ಅದರಿಂದ ಪ್ರತಿ ಪೆಟ್ಟಿಗೂ ದನಿ ಜಗ್ಗುತ್ತಿತ್ತು. ಧಾ ಗೆ ನಾ ತಿ, ನಾ ಕ ಧಿ ನಾ ಅಂತ ಕೆಹರ್ವಾ ತಾಳದ ಎಂಟು ಮಾತ್ರೆ ಕೈಗೆ ಕೂತ ಮೇಲೆ ತಾಳ ಒಳಗಡೆಯೇ ಓಡತೊಡಗಿತು, ತಿದಿ ತಾನಾಗಿ ಸಮ ಆಯಿತು. ತಬಲಾ ಬರೀ ಲೆಕ್ಕದ ವಾದ್ಯ ಅಂದುಕೊಂಡಿದ್ದೆ, ಅದೂ ಸುಳ್ಳಾಯಿತು. ನಡುವಿನ ಕರಿ ಬೊಟ್ಟಿನಿಂದಾಗಿ ಅದರ ನಾದಕ್ಕೆ ಸ್ಪಷ್ಟ ಸ್ವರ ಬರುತ್ತದೆ, ನಮ್ಮ ಈ ಬೊಟ್ಟಿನ ವಾದ್ಯಗಳ ಗುಟ್ಟನ್ನು ಸಿ. ವಿ. ರಾಮನ್ 1920ರಲ್ಲೇ ಬರೆದಿದ್ದಾರೆ. ಎಡಗೈಯ ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದರೆ ದನಿ ಮೇಲೇಳುತ್ತದಲ್ಲ, ಅದನ್ನು ಕಲಿತ ಮೇಲೆ ನಿಮ್ಮ ಚಿತ್ರದುರ್ಗದ ಕಡೆಯ ಉರುಮೆ ಅನ್ನುವ ಚರ್ಮವಾದ್ಯ ಕೇಳಿದೆ. ಬಾಗಿದ ಕೋಲನ್ನು ಚರ್ಮದ ಮೇಲೆ ಉಜ್ಜಿ ಗುಂಯ್ ಅನ್ನಿಸುತ್ತಾರಲ್ಲ, ಮೈ ಜುಂ ಅಂದಿತು.

ಗದುಗಿನ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದೆಯೂ ಹಾರ್ಮೋನಿಯಂ, ತಬಲಾ, ಪಿಟೀಲು ಎಲ್ಲವನ್ನೂ ನುಡಿಸುತ್ತಿದ್ದರು. ಅವರ ಹೆಸರು ಹೇಳುವುದು ನಮ್ಮನ್ನು ಹೋಲಿಸಿಕೊಳ್ಳಲು ಅಲ್ಲ. ಹಲವು ವಾದ್ಯ ಮುಟ್ಟಿದರೆ ಚಂಚಲ ಅನ್ನುವವರಿಗೆ ಉತ್ತರ ಕೊಡಬೇಕಾದಾಗ ನನಗೆ ಮೊದಲು ನೆನಪಾಗುವುದು ಅವರೇ.

ಮನೆಯವರ ಮಾತಲ್ಲೂ ಸತ್ಯ ಇದೆ, ಅದನ್ನೂ ಹೇಳ್ತೀನಿ. ಒಂದು ವರ್ಷ ನಾನು ಮೂರನ್ನೂ ಒಟ್ಟಿಗೆ ಹಿಡಿದೆ. ತಬಲಾದಲ್ಲಿ ತಿರಕಿಟ ಅನ್ನುವ ಪೆಟ್ಟುಗಳು ಬಿಡಿಸಿ ಬರಲೇ ಇಲ್ಲ, ಉಸಿರು ಉದ್ದ ಆಗಲಿಲ್ಲ, ಹಾರ್ಮೋನಿಯಂ ಬೆರಳೂ ನಿಧಾನ ಆಯಿತು. ಕೊನೆಗೆ ಎಂಟು ತಿಂಗಳು ತಬಲಾವನ್ನು ಬಟ್ಟೆ ಸುತ್ತಿ ಇಟ್ಟೆ. ಕಿವಿ ಕಲಿತದ್ದು ಎಲ್ಲಾ ವಾದ್ಯಕ್ಕೂ ಜೊತೆ ಬರುತ್ತದೆ, ಬೆರಳು ಕಲಿತದ್ದು ಬರುವುದಿಲ್ಲ. ಬೆರಳಿಗೆ ಪ್ರತಿಯೊಂದು ವಾದ್ಯವೂ ಒಂದನೇ ಕ್ಲಾಸು. ಅದಕ್ಕೆ ದಿನಗಳು ಬೇಕು.

ಹಾಗಾಗಿ ನೀನು ಹೀಗೆ ಮಾಡು. ಮನೆಗಳನ್ನು (ಕೀಗಳನ್ನು) ನೋಡದೆ ಹಾರ್ಮೋನಿಯಂ ನುಡಿಸಲು ಬರುತ್ತದೆ ಅಂದರೆ ಕೊಳಲಿಗೆ ಸಮಯ ಬಂದಿದೆ. ತಬಲಾ ಮುಂದಿನ ವರ್ಷಕ್ಕಿರಲಿ. ಬೆಳಿಗ್ಗೆ ಇಪ್ಪತ್ತು ನಿಮಿಷ ಕೊಳಲು, ಉಸಿರು ಆಗ ತಾಜಾ ಇರುತ್ತದೆ. ಸಂಜೆ ಹಾರ್ಮೋನಿಯಂ. ಮೊದಲಿಗೆ ಭೂಪ್ ರಾಗ ಹಿಡಿ. ಸ ರಿ ಗ ಪ ಧ, ಐದೇ ಸ್ವರ, ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಅರ್ಧ ತೂತಿನ ತಂಟೆಯೇ ಬರುವುದಿಲ್ಲ. ಕೊಳಲಿನಲ್ಲಿ ಹೊಸದೇನನ್ನೂ ಕಲಿಯಬೇಡ, ಹಾರ್ಮೋನಿಯಂನಲ್ಲಿ ನಿನಗೆ ಬರುವ ಭೂಪದ ಅಲಂಕಾರಗಳನ್ನೇ ಊದು. ಹಿಂದೂಸ್ತಾನಿ ಕೊಳಲುವಾದಕ ಪನ್ನಾಲಾಲ್ ಘೋಷ್ ತಂದ ಆ ಉದ್ದ ಕೊಳಲು ಕೇಳಲು ಎಷ್ಟು ಚೆಂದವೋ ಹೊಸಬರ ಬೆರಳಿಗೆ ಅಷ್ಟೇ ಕಷ್ಟ, ತೂತುಗಳ ನಡುವೆ ಅಂತರ ಜಾಸ್ತಿ. ಮಧ್ಯಮ ಗಾತ್ರದ್ದು ತಗೋ. ಅಂಗಡಿಗೆ ಹೋಗುವಾಗ ಶ್ರುತಿ ಪೆಟ್ಟಿಗೆಯ ಆ್ಯಪ್ ಮೊಬೈಲಿನಲ್ಲಿ ಇರಲಿ. ಊದಲು ಬರುವವರನ್ನು ಜೊತೆಗೆ ಕರಕೊಂಡು ಹೋಗು, ಸ ಮತ್ತು ಪ ಕೂಡುತ್ತವೆಯಾ ಅಂತ ಅವರಿಂದ ಊದಿಸಿ ಕೇಳು. ನಾನು ಮೊದಲ ಸಲ ಜಾತ್ರೆಯಲ್ಲಿ ಚೆಂದದ ದಾರ ಸುತ್ತಿದ್ದನ್ನು ನೋಡಿ ತಂದೆ, ಅದರ ಪಂಚಮ ಯಾವತ್ತೂ ಕೂಡಲಿಲ್ಲ.

ನಿಮ್ಮ ದುರ್ಗದ ಸೀಮೆಯಲ್ಲಿ ಕಾಡುಗೊಲ್ಲರು ಗಣೆ ಅನ್ನುವ ಉದ್ದ ಕೊಳಲು ಊದಿ ತಮ್ಮ ದೈವ ಜುಂಜಪ್ಪನ ಪದ ಹೇಳುವುದನ್ನು ಹತ್ತಿರ ಕೂತು ಕೇಳಬೇಕು ಅಂತ ನನಗೆ ಬಹಳ ದಿನದ ಆಸೆ. ಅಷ್ಟುದ್ದದ ಬಿದಿರನ್ನು ಆ ಉಸಿರು ಹೇಗೆ ತುಂಬುತ್ತದೆ ಅಂತ ನೋಡಬೇಕು. ಊರಿಗೆ ಬಂದಾಗ ವಿಚಾರಿಸಿ ಇಡು, ಇಬ್ಬರೂ ಹೋಗೋಣ.

ಕೊಳಲು ತಗೊಂಡ ಮೇಲೆ ಒಂದು ಭಾನುವಾರ ಇಲ್ಲಿಗೆ ಬಾ. ಬಸ್ಸಿನಲ್ಲಿ ಕಿಟಕಿ ಬಿಸಿಲಿಗೆ ಇಡಬೇಡ, ಬಿದಿರು ಸೀಳುತ್ತದೆ, ಟವೆಲ್ಲಿನಲ್ಲಿ ಸುತ್ತಿಕೋ. ನಾನು ಹಾರ್ಮೋನಿಯಂನಲ್ಲಿ ಸ ಹಿಡಿದುಕೊಂಡು ಕೂರ್ತೀನಿ, ನೀನು ಊದು.

ನಿನ್ನ ಗೆಳೆಯ
ದಾವಣಗೆರೆ