ಅಣ್ಣ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿ ಬೇಜಾರಾಯಿತು. ಇನ್ನು ಮೇಲೆ ಭಾನುವಾರದ ನಮ್ಮ ಪಾತ್ರದಾಟಕ್ಕೆ ಬರಲ್ಲ, ಮನೆಯಲ್ಲಿ ಮುಜುಗರ ಆಗುತ್ತದೆ ಅಂತ ಬರೆದಿದ್ದೀಯ. ವಯಸ್ಸಿಗೆ ಬಂದವರು ಮೇಜಿನ ಸುತ್ತ ಕೂತು ನಾನು ಮಾಂತ್ರಿಕ, ನೀನು ಕಳ್ಳ ಅಂತ ಮಾತಾಡುವುದನ್ನು ನೋಡಿ ಅಣ್ಣ 'ಇದೆಂಥ ಹುಡುಗಾಟ' ಅಂದರಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನೀನು ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ನಿನ್ನ ಪಾತ್ರದ ವಿವರ ಬರೆದ ಹಾಳೆಯನ್ನೇ, ಆ ಕ್ಯಾರೆಕ್ಟರ್ ಶೀಟನ್ನೇ ವಾಪಸ್ ಕಳಿಸಿಬಿಟ್ಟೆಯಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆ ಸಂಜೆ ನೆನಪಿದೆ ತಾನೆ? ನಿನ್ನ ಕಳ್ಳ ಮುರಿದ ಸೇತುವೆಗೆ ಒಂದೇ ಕೈಯಲ್ಲಿ ಜೋತುಬಿದ್ದಿದ್ದ. ಅವನು ಉಳಿಯಬೇಕಾದರೆ ದಾಳದಲ್ಲಿ 14 ಅಥವಾ ಅದಕ್ಕಿಂತ ಜಾಸ್ತಿ ಬೀಳಬೇಕಿತ್ತು. 20 ಮುಖದ ದಾಳ ಉರುಳುತ್ತಾ ಬಂದು, ನನ್ನ ಪುಸ್ತಕದ ಅಂಚಿಗೆ ತಾಗಿ, 13ಕ್ಕೆ ನಿಂತಿತು. ಐದೂ ಜನ ಒಟ್ಟಿಗೆ ಕಿರುಚಿದೆವು. ಆಗಲೇ ಅಣ್ಣ ಬಾಗಿಲಿಗೆ ಬಂದು 'ಯಾರು ಗೆದ್ದಿದ್ದು?' ಅಂತ ಕೇಳಿದ್ದು. ಇದರಲ್ಲಿ ಗೆಲ್ಲೋದು ಸೋಲೋದು ಇಲ್ಲ ಅಂದೆ ನೀನು. ಅವರು ಮೇಜಿನ ಮೇಲೆ ಕಣ್ಣು ಹಾಯಿಸಿದರು. ನಾಲ್ಕು ಹಾಳೆ, ಪೆನ್ಸಿಲ್, ದಾಳಗಳು. ಬೋರ್ಡಿಲ್ಲ, ಕಾಯಿಗಳಿಲ್ಲ. ಮಾತಾಡದೆ ಹೋದರು.

ನಮ್ಮ ಆಟದ ಕಷ್ಟವೇ ಇದು. ಗೇಮ್ ಮಾಸ್ಟರ್ ಆಗಿ ನಾನು ಕಥೆ ನಡೆಸುತ್ತೇನೆ, ನೀವು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಏನು ಮಾಡುತ್ತೀರಿ ಅಂತ ಹೇಳುತ್ತೀರಿ, ಅದು ಆಯಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಹೊರಗೆ ನಿಂತವರಿಗೆ ನೋಡುವುದಕ್ಕೆ ಏನೂ ಇಲ್ಲ. ಚೆಸ್ ಬಾರದವನಿಗೂ ಕಾಯಿ ಹೊಡೆದದ್ದು ಕಾಣುತ್ತದೆ. ಇಲ್ಲಿ ಸೇತುವೆ, ಹೊಳೆ, ಕತ್ತಲೆ ಎಲ್ಲಾ ಆಡುವವರ ತಲೆಯೊಳಗೇ ಇರುತ್ತದೆ. ಕಾಣದ್ದನ್ನು ಜನ ತಮಗೆ ತೋಚಿದ ಹಾಗೆ ಊಹಿಸಿಕೊಳ್ಳುತ್ತಾರೆ. ಬೇರೆ ಬೇರೆ ದೇಶದವರು ಏನೇನು ಊಹಿಸಿಕೊಂಡರು ಅಂತ ನೋಡಿದರೆ ಅಣ್ಣನ ಮಾತು ತುಂಬಾ ಸಣ್ಣದು ಅನ್ನಿಸುತ್ತದೆ.

ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ ಸೇರಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಪಾತ್ರದಾಟ ಹೊರತಂದದ್ದು 1974ರಲ್ಲಿ. ಮೊದಲು ಅಚ್ಚಾದದ್ದು ಬರೀ 1000 ಪ್ರತಿ. ಗೊಂಬೆ ಸೈನಿಕರನ್ನಿಟ್ಟು ಯುದ್ಧದ ಆಟ ಆಡುತ್ತಿದ್ದವರ ನಡುವೆ ಹುಟ್ಟಿದ ಆಟ ಅದು. ಹೊರಗಿನವರ ಕಿವಿಗೆ ಅದರ ಹೆಸರು ಜೋರಾಗಿ ಬಿದ್ದದ್ದು 1979ರಲ್ಲಿ. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ 16 ವರ್ಷದ ಹುಡುಗನೊಬ್ಬ ಕಾಣೆಯಾದ. ಆಟ ಆಡುತ್ತಾ ಕ್ಯಾಂಪಸ್ಸಿನ ಕೆಳಗಿನ ಸುರಂಗದಲ್ಲಿ ಕಳೆದುಹೋದ ಅಂತ ಪತ್ರಿಕೆಗಳು ಬರೆದವು. ಅವನು ತಿಂಗಳಾದ ಮೇಲೆ ಬೇರೆ ರಾಜ್ಯದಲ್ಲಿ ಸಿಕ್ಕಿದ. ಅವನನ್ನು ಕಾಡಿದ್ದು ಖಿನ್ನತೆ, ಆಟ ಅಲ್ಲ. ಆದರೆ ಅಷ್ಟರಲ್ಲಿ ಸುದ್ದಿ ಊರೆಲ್ಲಾ ಹಬ್ಬಿತ್ತು. 1983ರಲ್ಲಿ, ಮಗನ ಆತ್ಮಹತ್ಯೆಗೆ ಈ ಆಟವೇ ಕಾರಣ ಅಂತ ನಂಬಿದ ತಾಯಿಯೊಬ್ಬರು ಇದರ ವಿರುದ್ಧ ಒಂದು ಸಂಘವನ್ನೇ ಕಟ್ಟಿದರು. ಅವರ ಸಂಕಟವನ್ನು ನಾನು ಹಗುರ ಮಾಡಲ್ಲ. ಹೆತ್ತ ಕರುಳು ಒಂದು ಕಾರಣ ಹುಡುಕುತ್ತದೆ. ಆದರೆ ಸೈತಾನನ ಪೂಜೆ, ಮಾಟ ಅಂತೆಲ್ಲಾ ಮಾತು ಬೆಳೆಯುತ್ತಾ ಹೋಗಿ, 1989ರ ಎರಡನೇ ಆವೃತ್ತಿಯಿಂದ ಪಿಶಾಚಿ, ಸೈತಾನ ಅನ್ನುವ ಹೆಸರುಗಳನ್ನೇ ಪ್ರಕಾಶಕರು ಕಿತ್ತುಹಾಕಬೇಕಾಯಿತು.

ಬ್ರೆಜಿಲ್‌ನದು ಇನ್ನೂ ನೋವಿನ ಕಥೆ. ಒರೊ ಪ್ರೆಟೊ ಅನ್ನುವ ಊರಿನಲ್ಲಿ 2001ರಲ್ಲಿ ಕೊಲೆಯಾದಾಗ, ಇದು ಪಾತ್ರದಾಟದವರದೇ ಕೆಲಸ ಅಂದರು. ಆರೋಪ ಹೊತ್ತವರು ಖುಲಾಸೆಯಾದದ್ದು 2009ರಲ್ಲಿ. ಎಂಟು ವರ್ಷ, ಯೋಚನೆ ಮಾಡು.

ಈಗ ಜಪಾನ್ ಕಥೆ ಕೇಳು, ನನಗೆ ತುಂಬಾ ಇಷ್ಟವಾದದ್ದು. ಅಲ್ಲಿ 1986ರಲ್ಲಿ ಕಾಂಪ್ಟಿಕ್ ಅನ್ನುವ ಕಂಪ್ಯೂಟರ್ ಗೇಮ್ ಪತ್ರಿಕೆ ಒಂದು ಧಾರಾವಾಹಿ ಶುರು ಮಾಡಿತು. ಗ್ರೂಪ್ ಎಸ್‌ಎನ್‌ಇ ಅನ್ನುವ ತಂಡದ ಗೆಳೆಯರು ಮೇಜಿನ ಸುತ್ತ ಕೂತು ಆಡಿದ್ದನ್ನು ಹಾಗೇ ಬರೆದು ಅಚ್ಚು ಹಾಕಿದರು. ಯಾರು ಏನಂದರು, ದಾಳ ಎಷ್ಟು ಬಿತ್ತು, ಎಲ್ಲಿ ನಗು ತಡೆಯಲಾಗಲಿಲ್ಲ, ಎಲ್ಲಾ ನಾಟಕದ ಸಂಭಾಷಣೆಯ ಹಾಗೆ. ಅದಕ್ಕೆ ರಿಪ್ಲೇ ಅಂತಾರೆ. ರೆಕಾರ್ಡ್ ಆಫ್ ಲೊಡೊಸ್ ವಾರ್ ಅನ್ನುವ ಕಥಾಸರಣಿ ಹುಟ್ಟಿದ್ದೇ ಅದರಿಂದ. ಅದರ ಕಾದಂಬರಿ, ಅನಿಮೆ ಅಂದರೆ ಜಪಾನಿ ಕಾರ್ಟೂನು, ಎಲ್ಲಾ ಆಮೇಲೆ ಬಂದವು. ಯಾವತ್ತೂ ಆಡದವರೂ ರಿಪ್ಲೇ ಓದುತ್ತಾರೆ. ಬಾಗಿಲಲ್ಲಿ ನಿಂತವನನ್ನು ಒಳಗೆ ಕರೆದು ಕೂರಿಸಿದ ಹಾಗಲ್ವಾ ಇದು? 1989ರಲ್ಲಿ ಬಂದ ಸೋರ್ಡ್ ವರ್ಲ್ಡ್ ಆಟವಂತೂ ಜೇಬಿಗೆ ಹಿಡಿಸುವ ಪುಸ್ತಕ. ಆಡೋದಕ್ಕೆ 20 ಮುಖದ ದಾಳವೂ ಬೇಡ, ಎಲ್ಲರ ಮನೆಯಲ್ಲೂ ಇರುವ ಆರು ಮುಖದ ದಾಳ ಸಾಕು. ಹೊಸಬರು ಹೆದರದೆ ಬರಲಿ ಅಂತ ಯೋಚಿಸಿ ಮಾಡಿದ್ದು ಅಂತಲೇ ನನಗನ್ನಿಸುತ್ತದೆ.

ಸ್ವೀಡನ್ನಿನಲ್ಲಿ 1982ರಲ್ಲಿ ಬಂದ ಡ್ರಾಕಾರ್ ಓಕ್ ಡೆಮೋನರ್ ಆಟವನ್ನು ಮಕ್ಕಳ ಆಟಿಕೆ ಅಂಗಡಿಯಲ್ಲೇ ಮಾರುತ್ತಿದ್ದರು. ಹೆಸರಿನಲ್ಲೇ ಪಿಶಾಚಿ ಇದೆ ನೋಡು! ಜರ್ಮನಿಯವರದು 1984ರ ದಾಸ್ ಶ್ವಾರ್ಜೆ ಆಗೆ, ಆಟಿಕೆ ಕಂಪನಿಯೊಂದು ಪುಸ್ತಕ ಪ್ರಕಾಶಕರ ಜೊತೆ ಸೇರಿ ತಂದದ್ದು. ಆಟ ಎಲ್ಲಾ ಕಡೆ ಒಂದೇ ಥರ. ಮೊದಲ ಸಲ ಅದು ಕಣ್ಣಿಗೆ ಬಿದ್ದದ್ದು ಪೊಲೀಸ್ ಸುದ್ದಿಯಲ್ಲೋ, ಆಟಿಕೆಗಳ ಸಾಲಿನಲ್ಲೋ, ಓದುವ ಪತ್ರಿಕೆಯಲ್ಲೋ ಅನ್ನುವುದರ ಮೇಲೆ ಜನರ ಮನಸ್ಸು ನಿಂತುಬಿಟ್ಟಿತು. ಅಮೆರಿಕದಲ್ಲೂ ಗಾಳಿ ತಿರುಗಿದೆ. 2015ರಿಂದ ಕ್ರಿಟಿಕಲ್ ರೋಲ್ ತಂಡದವರು ಆಡುವುದನ್ನು ಇಂಟರ್ನೆಟ್ಟಿನಲ್ಲಿ ಗಂಟೆಗಟ್ಟಲೆ ಕೂತು ನೋಡುವವರಿದ್ದಾರೆ.

ಅಣ್ಣನ ಕಣ್ಣಿಗೆ ಬಿದ್ದದ್ದೇನು? ಐದು ಜನ ಸುಮ್ನೆ ಕಿರುಚಿದ್ದು, ಅಷ್ಟೇ. ನೀನು ಅವರಿಗೆ ನಿಯಮ ವಿವರಿಸಬೇಡ, ವಾದಕ್ಕೂ ಇಳಿಯಬೇಡ.

ನಿನ್ನೆ ರಾತ್ರಿ ಕೂತು ಆ ಸಂಜೆಯ ಆಟವನ್ನು ರಿಪ್ಲೇ ಥರ ಬರೆದಿದ್ದೇನೆ. ಎಂಟು ಪುಟ ಆಯಿತು. ನೀನು ಕಾವಲುಗಾರನಿಗೆ ಹೇಳಿದ ಸುಳ್ಳು, ಅದಕ್ಕೆ ನಾವೆಲ್ಲಾ ಬಿದ್ದು ಬಿದ್ದು ನಕ್ಕಿದ್ದು, ಒಂದನ್ನೂ ಬಿಟ್ಟಿಲ್ಲ. ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ಅಣ್ಣನಿಗೆ ಕೊಡು. ದಾಳ 13ಕ್ಕೆ ನಿಂತು, ನಿನ್ನ ಕಳ್ಳನ ಬೆರಳು ಒಂದೊಂದೇ ಜಾರುತ್ತಿರುವಲ್ಲಿಗೆ ನಿಲ್ಲಿಸಿದ್ದೇನೆ. ಮುಂದೇನಾಯಿತು ಅಂತ ಅವರು ಕೇಳಿದರೆ, ನಮಗೂ ಗೊತ್ತಿಲ್ಲ ಅನ್ನು. ಭಾನುವಾರ ಇಬ್ಬರೂ ಬನ್ನಿ. ನಿನ್ನ ಶೀಟು ನನ್ನ ಹತ್ತಿರವೇ ಇದೆ.

ನಿನ್ನ,
ಗೇಮ್ ಮಾಸ್ಟರ್