ನೀರಿನ ಜಗಳಕ್ಕೆ ಪಾಪುವನ್ನು ಸೇರಿಸಬೇಡ

ಮಗಾ, ಆಶೀರ್ವಾದಗಳು.

ನಿನ್ನ ಕಾಗದ ಬಂತು. ಪಕ್ಕದ ಮನೆಯವರ ತಾರಸಿ ಪೈಪಿನ ವಿಷಯ, ಅದರ ನೀರು ನಿನ್ನ ಅಂಗಳದಲ್ಲಿ ನಿಂತದ್ದು, ಅವರು ಅಂದದ್ದು, ನೀನು ಅಂದದ್ದು, ಎಲ್ಲಾ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಳು. ಅದನ್ನೆಲ್ಲ ಮತ್ತೆ ಎತ್ತುವುದಿಲ್ಲ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಪಾಪುಗೆ ಆ ಮನೆ ಕಡೆ ಹೋಗಬೇಡ, ಆ ಹುಡುಗನ ಜೊತೆ ಆಡಬೇಡ ಅಂತ ಹೇಳಿದ್ದೀನಿ ಅಂತ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನ ಇಲ್ಲ.

ನಿನ್ನ ಕೋಪ ಸುಳ್ಳು ಅಂತ ನಾನು ಹೇಳುವುದಿಲ್ಲ. ನಾನೂ ರೇಷ್ಮೆ ಹುಳು ಸಾಕಿದ ಮನೆಯಲ್ಲೇ ಬೆಳೆದವಳು. ಥಂಡಿ ದಿನದಲ್ಲಿ ಹುಳುಮನೆಯ ಗೋಡೆ ತೇವ ಹಿಡಿದರೆ ಸುಣ್ಣಕಟ್ಟು ರೋಗ ಹೇಗೆ ನುಗ್ಗುತ್ತದೆ ಅಂತ ಗೊತ್ತು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವುದು, ಮುಗಿಸಿ ಎದ್ದು, ಚೆನ್ನಾಗಿ ಸೊಪ್ಪು ತಿಂದು, ಇನ್ನೇನು ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು ಅನ್ನುವ ಹೊತ್ತಿಗೆ ಬೆಳ್ಳಗೆ ಗಟ್ಟಿಯಾಗಿ ಸತ್ತು ಬಿದ್ದಿರುತ್ತವೆ. ಮೊಟ್ಟೆಯ ದುಡ್ಡು, ಸೊಪ್ಪಿನ ದುಡ್ಡು, ಕೂಲಿ, ಎಲ್ಲಾ ಹೋಯಿತು. ಆ ಸಂಕಟದಲ್ಲಿ ಮನುಷ್ಯನ ಬಾಯಿಂದ ಏನಾದರೂ ಬರುತ್ತದೆ. ಆದರೂ ಅದು ಮಗುವಿನ ತನಕ ಹೋಗಬಾರದಪ್ಪಾ.

ಮೋರಿ ವಿಷಯಕ್ಕೆ ಪಕ್ಕದ ಮನೆಯವರ ಜೊತೆ ನಡೆದ ನಿಮ್ಮ ತಾತನ ಕೇಸಿನ ಕಥೆ ನಿನಗೆ ಗೊತ್ತೇ ಇದೆ. ನಿಮ್ಮಮ್ಮನಿಗೆ ನೆನಪಿಲ್ಲದ್ದು ಒಂದಿದೆ, ಆಗ ಅವಳು ಕೈಗೂಸು. ಅವಳು ಹುಟ್ಟಿದ ರಾತ್ರಿ ಬೆಳಗಿನವರೆಗೂ ನಮ್ಮಮ್ಮನ ಪಕ್ಕ ಕೂತಿದ್ದವರು ಆ ಪಕ್ಕದ ಮನೆಯ ಅಜ್ಜಿ. ಅವರ ಮನೆಯಲ್ಲಿ ತೆಲುಗು, ನಮ್ಮಲ್ಲಿ ಕನ್ನಡ, ಆ ಅಜ್ಜಿ ಎರಡೂ ಬೆರೆಸಿ ನಮಗೆ ಬೈದು ಊಟ ಹಾಕುತ್ತಿದ್ದರು. ಎರಡು ಹಿತ್ತಲಿಗೂ ಮಧ್ಯೆ ಬೇಲಿ ಅಂತಲೇ ಇರಲಿಲ್ಲ. ಅವರ ಮೊಮ್ಮಗಳೂ ನಾನೂ ಒಂದೇ ಕ್ಲಾಸು. ಮೋರಿ ಜಗಳ ಕೋರ್ಟಿಗೆ ಹೋದ ಮೇಲೆ ಅಪ್ಪ ನಮ್ಮನ್ನು ಕೂರಿಸಿಕೊಂಡು ಹೇಳಿದರು, ಹೆಚ್ಚು ಕಮ್ಮಿ ನೀನು ಪಾಪುಗೆ ಹೇಳಿದ ಮಾತನ್ನೇ. ದೊಡ್ಡವರು ಸಿಟ್ಟಿನಲ್ಲಿ ಹೇಳಿ ಮರೆತುಬಿಡುತ್ತಾರೆ, ಮಕ್ಕಳು ಮರೆಯುವುದಿಲ್ಲ, ಹೇಳಿದ್ದನ್ನು ಹಾಗೇ ಪಾಲಿಸುತ್ತಾರೆ. ಸ್ಕೂಲಿನಲ್ಲಿ ಅವಳು ಆ ಕಡೆ, ನಾನು ಈ ಕಡೆ. ಆ ಅಜ್ಜಿ ತೀರಿಕೊಂಡ ದಿನ ನಮ್ಮ ಮನೆ ಬಾಗಿಲು ಹಾಕಿತ್ತು. ಅಮ್ಮ ಒಲೆ ಮುಂದೆ ಕೂತು ಅತ್ತಳು. ಹೋಗಿ ಒಂದು ಸಲ ಮುಖ ನೋಡಿ ಬರುವುದು ಅವಳಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಈಗಲೂ ನೆನೆಸಿಕೊಂಡರೆ ಗಂಟಲು ಕಟ್ಟುತ್ತದೆ. ಕೇಸು ಮುಗಿಯುವ ಹೊತ್ತಿಗೆ ಬೀದಿಗೆ ಚಪ್ಪಡಿ ಹಾಸಿದ ಚರಂಡಿ ಬಂದಿತ್ತು, ಎರಡು ಮನೆ ನೀರೂ ಅದಕ್ಕೇ ಹೋಗುತ್ತಿತ್ತು. ನಿಮ್ಮ ತಾತ ಕೆಟ್ಟವರಲ್ಲ. ಅವರ ಬಗ್ಗೆ ಹೀಗೆ ಬರೆಯುವುದಕ್ಕೆ ನನಗೆ ಕಷ್ಟವಾಗುತ್ತದೆ. ಆದರೆ ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ನೀರಿನ ವಿಷಯಕ್ಕೆ ನಾನು ಹೇಳುವುದು ಜಾಸ್ತಿ ಇಲ್ಲ. ನಿಮ್ಮ ದೊಡ್ಡಪ್ಪ ಕೋರ್ಟಿನಲ್ಲಿ ಗುಮಾಸ್ತರಾಗಿದ್ದಾಗ ಊಟಕ್ಕೆ ಕೂತು ಹೇಳುತ್ತಿದ್ದದ್ದು ಸ್ವಲ್ಪ ನೆನಪಿದೆ. ಮೇಲಿನ ಜಾಗದಲ್ಲಿ ಬಿದ್ದ ಮಳೆ ನೀರು ತಾನಾಗಿ ಇಳಿಜಾರಿಗೆ ಹರಿದು ಬಂದರೆ ಕೆಳಗಿನವರು ಬಿಟ್ಟುಕೊಳ್ಳಬೇಕು, 1882ರ ಈಸ್‌ಮೆಂಟ್ ಕಾಯ್ದೆಯಲ್ಲೇ ಹಾಗಿದೆ. ಅದಕ್ಕೇ ಅಡ್ಡ ಗೋಡೆ ಎತ್ತುತ್ತೇನೆ ಅನ್ನುವುದನ್ನು ಬಿಡು. ಆದರೆ ತಾರಸಿ ನೀರನ್ನೆಲ್ಲ ಒಂದು ಪೈಪಿಗೆ ಸೇರಿಸಿ ನಿನ್ನ ಹುಳುಮನೆ ಬುಡಕ್ಕೆ ಬಿಡುವುದು ತಾನಾಗಿ ಹರಿದ ನೀರಲ್ಲ. ಬಚ್ಚಲು ನೀರೂ ಅಷ್ಟೇ. ಅದು ಬೇಡ ಅನ್ನುವುದಕ್ಕೆ ನಿನಗೆ ಹಕ್ಕಿದೆ. 20 ವರ್ಷ ಯಾರೂ ಕೇಳದೆ ಹರಿದರೆ ಅವರೇ ಹಕ್ಕು ಕೇಳಬಹುದು, ಆದ್ದರಿಂದ ಸುಮ್ನೆ ಇರು ಅಂತಲೂ ನಾನು ಹೇಳುತ್ತಿಲ್ಲ. ಮಾತಾಡು, ಒಪ್ಪಿದ್ದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸೈನ್ ಹಾಕಿ.

ಅವರಿಗೆ ಆ ಪೈಪಿನಲ್ಲಿ ಎಷ್ಟು ನೀರು ಬರುತ್ತದೆ ಅನ್ನುವ ಅಂದಾಜೇ ಇರಲಾರದು. 30ಕ್ಕೆ 40 ಅಡಿ ತಾರಸಿ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 5,500 ಲೀಟರ್. ಜಗಳದ ಮಾತು ಬಿಟ್ಟು ಈ ಲೆಕ್ಕ ಹೇಳಿ ನೋಡು. ಆ ನೀರನ್ನು ಒಂದು ಡ್ರಮ್ಮಿಗೋ ಸಂಪಿಗೋ ಬಿಟ್ಟರೆ ಅವರಿಗೇ ಉಪಯೋಗ, ನಮ್ಮ ಕಡೆ ಬೇಸಿಗೆಯಲ್ಲಿ ಟ್ಯಾಂಕರಿಗೆ ಕೊಡುವ ದುಡ್ಡು ಅವರಿಗೂ ಗೊತ್ತಲ್ವಾ. ಇಲ್ಲದಿದ್ದರೆ ಪೈಪನ್ನು ಬೀದಿ ಚರಂಡಿಗೆ ತಿರುಗಿಸಬಹುದು. ಹತ್ತಡಿಗೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ವಾಟ ಕೊಡಿಸು, ಇಲ್ಲದಿದ್ದರೆ ಮಣ್ಣು ಕಟ್ಟಿಕೊಳ್ಳುತ್ತದೆ. ಚರಂಡಿ ತುಂಬಿದ್ದರೆ ಅದು ಪಂಚಾಯ್ತಿ ಕೆಲಸ, ಪಿಡಿಒಗೆ ಅರ್ಜಿ ಇಬ್ಬರೂ ಸೇರಿ ಕೊಡಿ. ಉದ್ಯೋಗ ಖಾತ್ರಿಯಲ್ಲಿ ಬಚ್ಚಲುಗುಂಡಿ ಮಾಡಿಸಿಕೊಡುತ್ತಿದ್ದರು, ಈಗ ಏನಿದೆ ಅಂತ ಅಲ್ಲೇ ಕೇಳು. ಗುಂಡಿಯನ್ನು ಮಾತ್ರ ಹುಳುಮನೆ ಪಾಯದ ಹತ್ತಿರ ತೋಡಿಸಬೇಡ. ಇದೆಲ್ಲ ನಿನಗೇ ಗೊತ್ತಿರುತ್ತದೆ, ಬೇಜಾರಾಗಬೇಡ.

ಮಾತಿಗೆ ಬಗ್ಗಲೇ ಇಲ್ಲ ಅಂದರೆ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗು, ಕೇಸು ಹಾಕುವ ಮುಂಚೆಯೇ ಲೋಕ ಅದಾಲತ್‌ಗೆ ತೆಗೆದುಕೊಳ್ಳುತ್ತಾರೆ. ಫೀಸಿಲ್ಲ. ಅಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲೂ ಇಲ್ಲ. ಅಲ್ಲಿಗೆ ಹೋದರೂ ಬೀದಿಯಲ್ಲಿ ಎದುರಾದಾಗ ಊಟ ಆಯ್ತಾ ಅಂತ ಕೇಳು. ಅವರು ಉತ್ತರ ಕೊಡದಿದ್ದರೂ ಕೇಳು.

2021ರ ನವೆಂಬರಿನಲ್ಲಿ ಮಳೆ ಹಿಡಿದು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಕೆರೆ ಕೋಡಿ ಬಿದ್ದವಲ್ಲ, ಆಗ ರಾತ್ರಿ ನಿಮ್ಮ ಹುಳುಮನೆಗೆ ನೀರು ನುಗ್ಗಿದಾಗ ತಟ್ಟೆಗಳನ್ನು ಎತ್ತಿ ಜಗಲಿಗೆ ಸಾಗಿಸಿದವರು ಯಾರು? ನಿಮ್ಮಮ್ಮನೇ ಹೇಳಿದ್ದಳು. ಆ ಹುಡುಗನ ಅಪ್ಪನೇ ಅಲ್ವಾ?

ಪಾಪುನ ಇವತ್ತೇ ಕರೆದು ಹೇಳು, ಆಡೋಕೆ ಹೋಗು ಅಂತ. ನೀನು ಹೇಳಿದರೆ ಮಾತ್ರ ಅವಳು ಹೋಗುತ್ತಾಳೆ. ಚಿತ್ತ ಮಳೆಗೆ ಮುಂಚೆ ಪೈಪಿನ ಕೆಲಸ ಮುಗಿಸಿ. ಅವರ ಪಾಲಿನ ದುಡ್ಡಿಗೆ ತಕರಾರು ಬಂದರೆ ಮೇಸ್ತ್ರಿ ಕೂಲಿ ನಾನು ಕಳಿಸುತ್ತೇನೆ, ನಿಮ್ಮಮ್ಮನಿಗೆ ಹೇಳಬೇಡ. ಏನಾಯಿತು ಅಂತ ಭಾನುವಾರ ಫೋನ್ ಮಾಡು.

ನಿನ್ನ ದೊಡ್ಡಮ್ಮ